ದುಭಾಷಿ ಬರೆಸಿದ ಬಾಕಿ

ಬರಕೋ ಪುಂಡಲೀಕಾ, ನನ್ನ ಕಣ್ಣಿಗೆ ಪೊರೆ ಬಂದಿದೆ,
ಕೈ ನಡುಗುತ್ತದೆ, ನಾಲಿಗೆಯೊಂದು ನೆಟ್ಟಗಿದೆ.
ಮೆಣಸಿನ ಕಡತದ ಕೊನೆಯ ಮಡಿಕೆ ಬಿಚ್ಚು.
ಮೇಲೆ ಶ್ರೀ ಹಾಕು. ಕೆಳಗೆ ಬಾಕಿ ಎಂದು ಬರೆ.

ಶಿರಿಯ ಹೊಳೆ ಕಡಲಿಗೆ ಬಾಯಿಬಿಡುವಲ್ಲಿ
ಅವರು ದೋಣಿಯಿಂದ ಇಳಿದ ದಿನ
ಮೊಣಕಾಲವರೆಗೆ ನೀರು, ಮೈತುಂಬ ಮಖಮಲ್ಲು,
ತಲೆಯ ಮೇಲೆ ಇನ್ನಾರದೋ ಕೂದಲು.
ಹೆಸರು ಕೇಳಿದೆ. ಮುಸ್ಯೆ ದೋಬ್ರೆ ಅಂದರು.
ಹುಟ್ಟು ಹಾಕುತ್ತಿದ್ದ ಮಮ್ಮುಂಞಿಗೆ ಕೇಳಿಸಿದ್ದು ಒಬ್ರೇ.
"ಅಯ್ಯೋ, ಇಷ್ಟು ದೂರ ಒಬ್ರೇ ಬಂದದ್ದಾ?"
ಅಂದಿನಿಂದ ಕುಂಬಳೆಯಿಂದ ಮಂಜೇಶ್ವರದವರೆಗೆ
ಫರಾಸೀಸರ ದೊರೆಯ ರಾಯಭಾರಿಗೆ ಅದೇ ಹೆಸರು.
ಹಿಂದೆ ಹನ್ನೊಂದು ಪೆಟ್ಟಿಗೆ, ಇಬ್ಬರು ಆಳು, ಒಂದು ಗಡಿಯಾರ.
ಆದರೂ ಹೆಸರು ಸರಿಯಾಗಿಯೇ ಇತ್ತು.

ಅವರು ತಮ್ಮದರಲ್ಲಿ ಯೋಚಿಸಿ ಪೋರ್ಚುಗೀಸಿನಲ್ಲಿ ಹೇಳುವರು,
ನಾನು ಕೊಂಕಣಿಯಲ್ಲಿ ನುಂಗಿ ಕನ್ನಡದಲ್ಲಿ ಉಗುಳುವೆ,
ಬಲ್ಲಾಳರು ತುಳುವಿನಲ್ಲಿ ನಗುವರು.
ಇಷ್ಟು ಕಡವು ದಾಟುವಾಗ ಮಾತಿನ ಮೂಟೆ
ಎಷ್ಟು ನೆನೆಯಿತು, ಎಷ್ಟು ಸೋರಿತು,
ಆ ಲೆಕ್ಕ ದೇವರ ಹತ್ತಿರ.
"ನಮ್ಮ ದೊರೆಯ ಮುತ್ತಜ್ಜ ಸೂರ್ಯನೇ" ಅಂದರೊಮ್ಮೆ.
ಬಲ್ಲಾಳರು ಎಲೆಗೆ ಸುಣ್ಣ ಹಚ್ಚುತ್ತ,
"ನಮ್ಮದು ಪೊಸಡಿಗುಂಪೆಯ ಹಿಂದಿನಿಂದ ಬರ್ತದೆ.
ಅವರದು ಎಲ್ಲಿಂದ?"
ನಾನದನ್ನು ದಾಟಿಸಲಿಲ್ಲ. ಕುಶಲ ಕೇಳಿದರು ಅಂದೆ.

ಮಳೆ ಹಿಡಿಯಿತು.
ಬಲ್ಲಾಳರ ಜಗಲಿಯಲ್ಲಿ ನಲವತ್ತೆರಡು ದಿನ ಕೂತೆವು.
ಆಗ ಹೇಳಿದರು ತಮ್ಮ ಕತೆ, ತುಂಡು ತುಂಡಾಗಿ:
ಎಲ್ಲೋ ಸೇಬಿನ ತೋಟ, ಜೂಜಾಡಿ ಕಳೆದ ತಂದೆ,
ಹದಿನೇಳಕ್ಕೆ ಯಾರದೋ ಕಾಗದ ನಕಲು ಮಾಡುವ ಕೆಲಸ,
ಲಿಸ್ಬನ್ನಿನಲ್ಲಿ ಆರು ವರ್ಷ, ಸುಲ್ತಾನರ ಇಸ್ತಾಂಬೂಲಿನಲ್ಲಿ ಒಂಬತ್ತು,
ಎಲ್ಲ ಕಡೆಯೂ ಸತ್ತವರ, ಇಲ್ಲವೇ ಕಾಯಿಲೆ ಬಿದ್ದವರ ಬದಲಿಗೆ.
ದೊರೆಯನ್ನು ಕಂಡದ್ದು ಒಂದೇ ಸಲ,
ಅದೂ ಬೆನ್ನು. ಬೇಟೆಗೆ ಹೊರಟಿದ್ದರಂತೆ.
"ನನ್ನ ಕಸುಬೆಂದರೆ ಕಾಯುವುದು" ಅಂದರು.
ನಾನಂದೆ, ನಮ್ಮಲ್ಲಿ ದಾರಿ ನೋಡುವುದೂ ಕಾಯುವುದೇ,
ಗದ್ದೆಗೆ ಕಾವಲಿರುವುದೂ ಕಾಯುವುದೇ,
ಒಲೆಯ ಮೇಲೆ ಎಣ್ಣೆ ಮಾಡುವುದೂ ಅದನ್ನೇ.
ಬಹಳ ಹೊತ್ತು ಹೊಳೆ ನೋಡಿ, "ಮೂರೂ" ಅಂದರು.

ಅಷ್ಟರಲ್ಲಿ ದೊರೆಯ ಚಿತ್ರಪಟಕ್ಕೆ ಗೆದ್ದಲು ಹತ್ತಿತ್ತು,
ಮೊದಲು ಮೂಗು, ಆಮೇಲೆ ಕಿರೀಟ.
ಪೆಟ್ಟಿಗೆಯೊಳಗಿನ ಕೂದಲಿಗೆ ಬೂಸಲು.
ನಿಂತ ಗಡಿಯಾರದ ಹೊಟ್ಟೆಯಲ್ಲಿ
ಬಲ್ಲಾಳರ ಅಳಿಯ, ಏಳು ವರ್ಷದ ಪೋರ,
ಪುನರ್ಪುಳಿ ಬೀಜ ಬಚ್ಚಿಟ್ಟ.
ಒಬ್ರೇ ಗದರಲಿಲ್ಲ. ಬೀಜ ಎಣಿಸಿ ಕೊಟ್ಟರು.

ಇನ್ನು ನನ್ನದು. ನಿಧಾನಕ್ಕೆ ಬರೆ.
ಖಂಡಿ ಮೆಣಸಿಗೆ ಬಲ್ಲಾಳರು ಹೇಳಿದ್ದು ಇಪ್ಪತ್ತು ವರಹ,
ನಾನು ದಾಟಿಸಿದ್ದು ಇಪ್ಪತ್ತೊಂದು.
ನಿನ್ನ ಅಜ್ಜಿಯ ಬುಗುಡಿ ಆ ಒಂದರದ್ದು.
ಅವರಿಗೆ ಗೊತ್ತಿತ್ತು. ಅರಗಿಗೆ ಮುದ್ರೆ ಒತ್ತುವಾಗ
ನನ್ನತ್ತ ನೋಡಿ ಒಂದು ಬೆರಳೆತ್ತಿ
ಮೆಲ್ಲಗೆ ಮಡಚಿದರು.

ಒಪ್ಪಂದ ಹಡಗು ಹತ್ತಿತು. ಉತ್ತರ ಬರಲಿಲ್ಲ.
ಚಳಿಜ್ವರ ಬಂತು.
ಮೂರನೆಯ ರಾತ್ರಿ ಪೋರ್ಚುಗೀಸು ಮರೆತರು.
ಬಾಗಿಲತ್ತ ನೋಡುತ್ತ, ತಮ್ಮದೇ ಮಾತಿನಲ್ಲಿ,
ಇಲ್ಲೆಲಾ, ಇಲ್ಲೆಲಾ,
ಬೆಳಕು ಹರಿಯುವವರೆಗೆ ಅದೊಂದೇ.

ಹೆಣ ಮಾಹೆಗೆ ಒಯ್ಯಬೇಕೆಂದರು ಆಳುಗಳು.
"ಕೊನೆಗೆ ಏನಂದರು?" ಬಲ್ಲಾಳರು ಕೇಳಿದರು.
ದುಭಾಷಿ ನಾನು, ಗೊತ್ತಿಲ್ಲ ಅನ್ನುವ ಹಾಗಿಲ್ಲ.
"ಇಲ್ಲೇ" ಅಂದರು ಅಂದೆ.
ಹೊನ್ನೆಮರದ ಬುಡದಲ್ಲಿ, ಇಲ್ಲೇ, ಹೂಳಿದೆವು.
ಮಮ್ಮುಂಞಿ ಅಗೆದ. ಉಪ್ಪುನೀರು ಬೇಗ ಬಂತು.

ಹನ್ನೆರಡು ವರ್ಷದ ಮೇಲೆ ಮಂಗಳೂರ ಬಂದರದಲ್ಲಿ
ಹಡಗಿನ ಬಡಗಿಯೊಬ್ಬ ಸಿಕ್ಕಿದ, ಫರಾಸೀಸಿನವ.
ಹೇಳಿ ತೋರಿಸಿದೆ. "ಅವನು ಅಲ್ಲಿದ್ದಾನೆ ಅಂತ" ಅಂದ.
ಯಾರು? ಎಲ್ಲಿ?
ಬಡಗಿ ಭುಜ ಕುಣಿಸಿ ಉಳಿ ಎತ್ತಿಕೊಂಡ.

ಬರಕೋ. ಬಾಕಿ ಒಂದು ವರಹ, ಒಂದು ಮಾತು.
ವರಹಕ್ಕೆ ಬಡ್ಡಿ ಹಾಕು.
ಮಾತಿಗೆ ಅರ್ಥ ಬರೆಯಬೇಡ.
ಲಾ ಎಂಬಲ್ಲಿ ದೀರ್ಘ ಕೊಡು,
ಅವರು ಹಾಗೆಯೇ ಎಳೆಯುತ್ತಿದ್ದರು.